ಎಸ್-ಮೀಟರ್ ಹೊಂದಾಣಿಕೆ, ರಿಸೀವರ್ ಅಲೈನ್‌ಮೆಂಟ್: ಪರೀಕ್ಷೆಗೆ ಬೇಕಾದ ಮುಖ್ಯಾಂಶಗಳು

ಹ್ಯಾಮ್ ಪರವಾನಗಿಗಾಗಿ ಬರೆಯುವ ಅಮೆಚೂರ್ ಸ್ಟೇಷನ್ ಆಪರೇಟರ್ ಪರೀಕ್ಷೆಯ ಪಠ್ಯಕ್ರಮದಲ್ಲಿ ರಿಸೀವರ್ ಅಧ್ಯಾಯದ ಅಡಿ ಸೂಪರ್‌ಹೆಟರೊಡೈನ್ ತತ್ತ್ವ, ಸೆನ್ಸಿಟಿವಿಟಿ, ಸೆಲೆಕ್ಟಿವಿಟಿ, ಇಮೇಜ್ ಅಡಚಣೆ, ಸ್ವಯಂಚಾಲಿತ ಗೇನ್ ನಿಯಂತ್ರಣ (ಎಜಿಸಿ), ಸ್ಕ್ವೆಲ್ಚ್, ಸಿಗ್ನಲ್-ನಾಯ್ಸ್ ಅನುಪಾತ ಎಂದು ಸಾಲಾಗಿ ವಿಷಯಗಳಿವೆ. ಒಂದೊಂದನ್ನೇ ಬಾಯಿಪಾಠ ಮಾಡಿದರೆ ತಲೆಯಲ್ಲಿ ನಿಲ್ಲುವುದಿಲ್ಲ. ಒಂದು ಟ್ರಾನ್ಸೀವರ್‌ನ ಮುಚ್ಚಳ ತೆಗೆದು ಅಲೈನ್ ಮಾಡಿ, ಕೊನೆಗೆ ಸಿಗ್ನಲ್ ಮೀಟರ್ (ಎಸ್-ಮೀಟರ್) ಸರಿಪಡಿಸುವ ಕೆಲಸದಲ್ಲಿ ಇವೆಲ್ಲ ಒಟ್ಟಿಗೆ ಬರುತ್ತವೆ. ಆದ್ದರಿಂದ ಈ ಟಿಪ್ಪಣಿ ಆ ಕೆಲಸದ ಜಾಡಿನಲ್ಲೇ ಸಾಗುತ್ತದೆ. ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳಿಗೂ ಇದೇ ಸಾಮಗ್ರಿ ಸಾಕು.

ಮೀಟರ್ ಅಳೆಯುವುದು ಏನನ್ನು?

ಆಂಟೆನಾಗೆ ಬಂದ ಸಿಗ್ನಲ್ಲನ್ನು ಎಸ್-ಮೀಟರ್ ನೇರವಾಗಿ ಅಳೆಯುವುದಿಲ್ಲ. ಎಎಂ ಮತ್ತು ಎಸ್‌ಎಸ್‌ಬಿ ರಿಸೀವರ್‌ಗಳಲ್ಲಿ ಅದು ತೋರಿಸುವುದು ಎಜಿಸಿ ವೋಲ್ಟೇಜನ್ನು. ಸಿಗ್ನಲ್ ಬಲವಾದಷ್ಟೂ ಎಜಿಸಿ ವೋಲ್ಟೇಜ್ ಬದಲಾಗಿ ಆರ್‌ಎಫ್, ಐಎಫ್ (ಮಧ್ಯಂತರ ಫ್ರೀಕ್ವೆನ್ಸಿ) ಹಂತಗಳ ಗೇನ್ ಇಳಿಯುತ್ತದೆ. ಸ್ಪೀಕರಿನ ಸದ್ದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಉಳಿಯುತ್ತದೆ. ಆ ಇಳಿಕೆ ಎಷ್ಟೆಂಬುದೇ ಮೀಟರಿನ ಮುಳ್ಳಿನ ಸ್ಥಾನ.

ಇದರಿಂದ ಹುಟ್ಟುವ ಮೂರು ಪರಿಣಾಮಗಳು ಪದೇ ಪದೇ ಪ್ರಶ್ನೆಯಾಗಿ ಬರುತ್ತವೆ. ಎಜಿಸಿ ಕೆಲಸ ಆರಂಭಿಸುವ ಮಟ್ಟಕ್ಕಿಂತ ಕೆಳಗಿನ ಸಿಗ್ನಲ್ ಕಿವಿಗೆ ಸ್ಪಷ್ಟವಾಗಿ ಕೇಳಿಸಿದರೂ ಮುಳ್ಳು ಕದಲುವುದಿಲ್ಲ. ಎಜಿಸಿಯ ವರ್ತನೆ ಎಲ್ಲೆಡೆ ಸಮರೇಖೆಯಲ್ಲಿ ಇರುವುದಿಲ್ಲವಾದ್ದರಿಂದ ಎಸ್-9ರಲ್ಲಿ ಸರಿಯಿರುವ ಮೀಟರ್ ಎಸ್-4ರಲ್ಲಿ ತಪ್ಪು ತೋರಿಸಬಹುದು. ಇನ್ನು ಪ್ರೀಆಂಪ್ ಹಾಕಿದರೆ ಓದು ಏರುತ್ತದೆ, ಅಟೆನ್ಯುಯೇಟರ್ ಹಾಕಿದರೆ ಇಳಿಯುತ್ತದೆ. ಬಂದ ಸಿಗ್ನಲ್ ಮಾತ್ರ ಅಷ್ಟೇ ಇರುತ್ತದೆ.

ಎಫ್‌ಎಂ ಸೆಟ್ಟಿನ ಕಥೆ ಬೇರೆ. ಅಲ್ಲಿ ಲಿಮಿಟರ್ ಹಂತ ಸಿಗ್ನಲ್ಲಿನ ತಲೆ ಕತ್ತರಿಸುವುದರಿಂದ, ಲಿಮಿಟರ್‌ಗೆ ಮುಂಚಿನ ಐಎಫ್ ಮಟ್ಟವನ್ನೋ ಐಸಿಯೊಳಗಿನ ಬಲಸೂಚಕ ಔಟ್‌ಪುಟ್ಟನ್ನೋ ಮೀಟರಿಗೆ ಕೊಡುತ್ತಾರೆ. ಅಗ್ಗದ ಸೆಟ್ಟುಗಳಲ್ಲಿ ಇಡೀ ಸ್ಕೇಲ್ 20–30 ಡಿಬಿಯಲ್ಲಿ ಮುಗಿದುಹೋಗುತ್ತದೆ. ಒಂದು ಪಟ್ಟಿಯಿಂದ ಪೂರ್ಣ ಸ್ಕೇಲಿಗೆ ಜಿಗಿಯುವ ವಿಎಚ್‌ಎಫ್ ಹ್ಯಾಂಡ್‌ಸೆಟ್ಟುಗಳ ಗುಟ್ಟು ಇದೇ.

ಹಳೆಯ ವಾಲ್ವ್ ಸೆಟ್ಟುಗಳಲ್ಲಿ ಐಎಫ್ ವಾಲ್ವಿನ ಕರೆಂಟನ್ನೇ ಮೀಟರ್ ಅಳೆಯುತ್ತಿದ್ದುದೂ ಉಂಟು. ಸಿಗ್ನಲ್ ಹೆಚ್ಚಿದರೆ ಆ ಕರೆಂಟ್ ಇಳಿಯುತ್ತದೆ. ಹಾಗಾಗಿ ಮೀಟರನ್ನು ತಿರುಗುಮುರುಗಾಗಿ ಜೋಡಿಸುತ್ತಿದ್ದರು, ಇಲ್ಲವೇ ಬ್ರಿಡ್ಜ್ ಸರ್ಕ್ಯೂಟ್ ಬಳಸುತ್ತಿದ್ದರು.

ಬಾಯಲ್ಲಿ ಇರಬೇಕಾದ ಅಂಕಿಗಳು

- ಒಂದು ಎಸ್ ಯೂನಿಟ್ = 6 ಡಿಬಿ. ವೋಲ್ಟೇಜ್ 2 ಪಟ್ಟು, ಪವರ್ 4 ಪಟ್ಟು.
- 30 ಮೆಗಾಹರ್ಟ್ಸ್‌ಗಿಂತ ಕೆಳಗೆ (ಎಚ್‌ಎಫ್) ಎಸ್-9 = ಮೈನಸ್ 73 ಡಿಬಿಎಂ, ಅಂದರೆ 50 ಓಮ್‌ನಲ್ಲಿ 50 ಮೈಕ್ರೊವೋಲ್ಟ್.
- ವಿಎಚ್‌ಎಫ್ ಮತ್ತು ಮೇಲೆ ಎಸ್-9 = ಮೈನಸ್ 93 ಡಿಬಿಎಂ, ಅಂದರೆ 5 ಮೈಕ್ರೊವೋಲ್ಟ್. ಎರಡರ ನಡುವಿನ ಅಂತರ 20 ಡಿಬಿ.
- ಈ ಮಾನದಂಡ ಅಂತರರಾಷ್ಟ್ರೀಯ ಅಮೆಚೂರ್ ರೇಡಿಯೊ ಒಕ್ಕೂಟದ ರೀಜನ್-1ರ ಶಿಫಾರಸು. 1981ರಲ್ಲಿ ಬ್ರೈಟನ್‌ನಲ್ಲಿ ಒಪ್ಪಿತವಾಗಿ, 1990ರಲ್ಲಿ ಟೊರೆಮೊಲಿನೋಸ್‌ನಲ್ಲಿ ಪರಿಷ್ಕೃತವಾಯಿತು. ಇದು ಶಿಫಾರಸು ಮಾತ್ರ. ಕಾಯ್ದೆಯಲ್ಲ.
- ಆರ್‌ಎಸ್‌ಟಿ ವರದಿ ಪದ್ಧತಿ: ಅಮೆರಿಕದ ಹ್ಯಾಮ್ ಆರ್ಥರ್ ಬ್ರಾಟನ್, 1934. ಓದುವಿಕೆ 1ರಿಂದ 5, ಬಲ 1ರಿಂದ 9, ಸ್ವರ 1ರಿಂದ 9. ಸ್ವರದ ಅಂಕಿ ಮೋರ್ಸ್‌ಗೆ ಮಾತ್ರ.
- ಸೂಪರ್‌ಹೆಟರೊಡೈನ್: ಎಡ್ವಿನ್ ಆರ್ಮ್‌ಸ್ಟ್ರಾಂಗ್, 1918.

ಎಚ್‌ಎಫ್ ಸ್ಕೇಲನ್ನು ಪೂರ್ತಿ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಎಸ್-9ಕ್ಕೆ 50 ಮೈಕ್ರೊವೋಲ್ಟ್ ಎಂದು ಗೊತ್ತಿದ್ದರೆ ಕೆಳಕ್ಕೆ ಅರ್ಧರ್ಧ ಮಾಡುತ್ತಾ ಹೋಗಿ: ಎಸ್-8ಕ್ಕೆ 25, ಎಸ್-7ಕ್ಕೆ 12.5, ಎಸ್-6ಕ್ಕೆ ಸುಮಾರು 6.3, ಎಸ್-5ಕ್ಕೆ 3.2, ಎಸ್-4ಕ್ಕೆ 1.6, ಎಸ್-3ಕ್ಕೆ 0.8, ಎಸ್-2ಕ್ಕೆ 0.4, ಎಸ್-1ಕ್ಕೆ 0.2. ಡಿಬಿಎಂನಲ್ಲಿ ಹೇಳಿದರೆ ಎಸ್-1 ಎಂದರೆ ಮೈನಸ್ 121. ಮೇಲಕ್ಕೆ ಹೋಗುವಾಗ ಎಸ್ ಯೂನಿಟ್ ಮುಗಿದು ನೇರ ಡಿಬಿ ಲೆಕ್ಕ ಬರುತ್ತದೆ: ಎಸ್-9 ಮೇಲೆ 20 ಡಿಬಿ ಎಂದರೆ 500 ಮೈಕ್ರೊವೋಲ್ಟ್, 40 ಡಿಬಿ ಎಂದರೆ 5 ಮಿಲಿವೋಲ್ಟ್, 60 ಡಿಬಿ ಎಂದರೆ 50 ಮಿಲಿವೋಲ್ಟ್.

ಮೈನಸ್ 73 ಎಲ್ಲಿಂದ ಬಂತು ಎಂದು ಕೇಳಿದರೆ ಎರಡೇ ಸಾಲಿನ ಉತ್ತರ. 50 ಮೈಕ್ರೊವೋಲ್ಟ್‌ನ ವರ್ಗವನ್ನು 50 ಓಮ್‌ನಿಂದ ಭಾಗಿಸಿದರೆ 50 ಪಿಕೊವ್ಯಾಟ್. ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಲಾಗರಿದಮ್ ತೆಗೆದು 10ರಿಂದ ಗುಣಿಸಿದರೆ ಮೈನಸ್ 73.

ಒಂದು ಕುತೂಹಲದ ಲೆಕ್ಕ. ಕೋಣೆಯ ಉಷ್ಣಾಂಶದಲ್ಲಿ ಉಷ್ಣ ನಾಯ್ಸ್ ಪ್ರತಿ ಹರ್ಟ್ಸ್‌ಗೆ ಮೈನಸ್ 174 ಡಿಬಿಎಂ. 15 ಕಿಲೊಹರ್ಟ್ಸ್ ಅಗಲದ ಎಫ್‌ಎಂ ಐಎಫ್‌ಗೆ ಅದು ಮೈನಸ್ 132 ಆಗುತ್ತದೆ. ವಿಎಚ್‌ಎಫ್ ಸ್ಕೇಲಿನ ಎಸ್-1 ಎಂದರೆ ಮೈನಸ್ 141, ಎಸ್-2 ಎಂದರೆ ಮೈನಸ್ 135. ಎರಡೂ ನಾಯ್ಸ್‌ನ ತಳದಲ್ಲಿ ಮುಳುಗಿವೆ! 0.25 ಮೈಕ್ರೊವೋಲ್ಟ್ ಸೆನ್ಸಿಟಿವಿಟಿಯ ಒಳ್ಳೆಯ ಎಫ್‌ಎಂ ಸೆಟ್ಟಿಗೆ ಮಾತು ಅರ್ಥವಾಗತೊಡಗುವುದೇ ಮೈನಸ್ 119 ಡಿಬಿಎಂನಲ್ಲಿ, ಅಂದರೆ ಮಾನದಂಡದ ಪ್ರಕಾರ ಎಸ್-5ರ ಹತ್ತಿರ. ಎರಡು ಮೀಟರ್ ಎಫ್‌ಎಂನಲ್ಲಿ ಯಾರಾದರೂ ಎಸ್-1 ಎಂದು ವರದಿ ಕೊಟ್ಟರೆ, ಅದು ಅವರ ಸೆಟ್ಟಿನ ಸ್ಕೇಲಿನ ಭಾಷೆ ಎಂದು ತಿಳಿದರೆ ಸಾಕು.

ಅಂಕ ಕಳೆದುಕೊಳ್ಳುವ ಜಾಗ: ಇಎಂಎಫ್ ಮತ್ತು ಪಿಡಿ

ಸಿಗ್ನಲ್ ಜನರೇಟರಿನ ಡಯಲಿನಲ್ಲಿ 50 ಮೈಕ್ರೊವೋಲ್ಟ್ ಎಂದಿದ್ದರೆ ರಿಸೀವರ್‌ಗೆ 50 ಮೈಕ್ರೊವೋಲ್ಟೇ ಸಿಗುತ್ತದೆ ಎಂದು ನಂಬಬೇಡಿ. ಕೆಲವು ಜನರೇಟರ್‌ಗಳು ಏನೂ ಜೋಡಿಸದಿದ್ದಾಗಿನ ವೋಲ್ಟೇಜನ್ನು, ಅಂದರೆ ಇಎಂಎಫ್ ಅನ್ನು ಬರೆದಿರುತ್ತವೆ. 50 ಓಮ್ ಮೂಲಕ್ಕೆ 50 ಓಮ್ ರಿಸೀವರ್ ಜೋಡಿಸಿದಾಗ ಅದರ ಅರ್ಧ ಮಾತ್ರ ರಿಸೀವರ್‌ನ ತುದಿಗಳಲ್ಲಿ ಬೀಳುತ್ತದೆ. ಇನ್ನು ಕೆಲವು ಜನರೇಟರ್‌ಗಳು ಲೋಡ್ ಇದ್ದಾಗಿನ ವೋಲ್ಟೇಜನ್ನೇ, ಅಂದರೆ ಪಿಡಿಯನ್ನೇ ಬರೆಯುತ್ತವೆ. ಎರಡರ ವ್ಯತ್ಯಾಸ ಸರಿಯಾಗಿ 6 ಡಿಬಿ, ಒಂದು ಎಸ್ ಯೂನಿಟ್.

ಕೆಲವು 27 ಮೆಗಾಹರ್ಟ್ಸ್ ಸಿಬಿ (ಸಿಟಿಜನ್ ಬ್ಯಾಂಡ್) ಸೆಟ್ಟುಗಳ ಸರ್ವಿಸ್ ಕೈಪಿಡಿಗಳಲ್ಲಿ ಎಸ್-9ಕ್ಕೆ 100 ಮೈಕ್ರೊವೋಲ್ಟ್ ಎಂದು ಕಾಣುತ್ತದೆ. ನೋಡಿ ಗಾಬರಿಯಾಗಬೇಡಿ. ಕೈಪಿಡಿ ಯಾವ ವೋಲ್ಟೇಜ್ ಹೇಳುತ್ತಿದೆ ಎಂದು ಮೊದಲು ನೋಡಿ, ಸೆಟ್ಟಿಗೆ ಅದರದೇ ಕೈಪಿಡಿಯ ಅಂಕಿ ಅನ್ವಯಿಸಿ. ಪರೀಕ್ಷೆಯಲ್ಲಿ ಮಾತ್ರ, ಬೇರೆ ಸೂಚನೆ ಇಲ್ಲದಿದ್ದರೆ, 50 ಮೈಕ್ರೊವೋಲ್ಟ್ ಬರೆಯಿರಿ. ಡಿಬಿಎಂನಲ್ಲಿ ಕೆಲಸ ಮಾಡುವವರಿಗೆ ಈ ತಲೆನೋವೇ ಇಲ್ಲ. ಡಿಬಿಎಂ ಎಂದರೆ ಹೊಂದಿದ ಲೋಡಿಗೆ ಸಿಗುವ ಪವರ್. ನನ್ನ ಕೇಳಿದರೆ ಮೈಕ್ರೊವೋಲ್ಟ್ ಬಿಟ್ಟು ಡಿಬಿಎಂ ರೂಢಿಸಿಕೊಳ್ಳುವುದೇ ಲೇಸು.

ಅಲೈನ್‌ಮೆಂಟ್: ಹಿಂದಿನಿಂದ ಮುಂದಕ್ಕೆ

ಮೀಟರಿನ ಪ್ರೀಸೆಟ್ಟಿಗೆ, ಅಂದರೆ ಹೊಂದಾಣಿಕೆಯ ಪುಟ್ಟ ವೇರಿಯಬಲ್ ರೆಸಿಸ್ಟರಿಗೆ, ಕೈ ಹಾಕುವುದು ಅಲೈನ್‌ಮೆಂಟ್ ಎಲ್ಲ ಮುಗಿದ ಮೇಲೆಯೇ. ಐಎಫ್ ಹಂತ ದಾರಿ ತಪ್ಪಿರುವಾಗ ಮೀಟರನ್ನು ಎಸ್-9ಕ್ಕೆ ಎಳೆದು ನಿಲ್ಲಿಸಿದರೆ ರಿಸೀವರ್ ಕಿವುಡಾಗಿಯೇ ಇರುತ್ತದೆ. ದೋಷ ಮಾತ್ರ ಕಣ್ಣಿಗೆ ಕಾಣದಂತಾಗುತ್ತದೆ. ಮೀಟರ್ ಪ್ರೀಸೆಟ್ ತಿರುಗಿಸುವುದರಿಂದ ಸೆನ್ಸಿಟಿವಿಟಿ ಒಂದು ಡಿಬಿಯೂ ಹೆಚ್ಚುವುದಿಲ್ಲ. ಇದು ನೇರ ಪ್ರಶ್ನೆಯಾಗಿಯೂ ಬರಬಹುದು.

ಕ್ರಮ ಹೀಗೆ: ಮೊದಲು ಪವರ್ ಸಪ್ಲೈ ಮತ್ತು ರೆಗ್ಯುಲೇಟರ್ ವೋಲ್ಟೇಜ್, ನಂತರ ರೆಫರೆನ್ಸ್ ಆಸಿಲೇಟರಿನ ಫ್ರೀಕ್ವೆನ್ಸಿ, ಆಮೇಲೆ ಡಿಟೆಕ್ಟರ್ ಮತ್ತು ಐಎಫ್, ಬಳಿಕ ಲೋಕಲ್ ಆಸಿಲೇಟರ್, ಕೊನೆಯಲ್ಲಿ ಮಿಕ್ಸರ್ ಮತ್ತು ಆರ್‌ಎಫ್ ಹಂತ. ಸ್ಪೀಕರ್ ಕಡೆಯಿಂದ ಆಂಟೆನಾ ಕಡೆಗೆ ನಡೆಯುವುದು ಎಂದು ನೆನಪಿಡಿ. ಕಾರಣ ಸರಳ: ಮುಂದಿನ ಹಂತವನ್ನು ಸರಿಪಡಿಸಿದ್ದು ಸರಿಯೋ ಎಂದು ನೋಡಲು ಹಿಂದಿನ ಹಂತಗಳು ನೆಟ್ಟಗಿರಬೇಕು.

ಸೆಟ್ಟನ್ನು ಆನ್ ಮಾಡಿ ಕೆಲ ಕಾಲ ಬಿಸಿಯಾಗಲು ಬಿಡಬೇಕು. ಜನರೇಟರ್ ಆಂಟೆನಾ ಸಾಕೆಟ್ಟಿಗೆ ಜೋಡಿಸಿರುವಾಗ ಪಿಟಿಟಿ (ಮೈಕಿನ ಮಾತಾಡುವ ಸ್ವಿಚ್) ಒತ್ತಲೇಬಾರದು, ಒತ್ತಿದರೆ ಟ್ರಾನ್ಸ್‌ಮಿಟರಿನ ಪವರೆಲ್ಲ ಜನರೇಟರಿನ ಅಟೆನ್ಯುಯೇಟರ್ ಒಳಗೆ ನುಗ್ಗಿ ಅದನ್ನು ಸುಡುತ್ತದೆ. ಮೈಕ್ ಕಳಚಿಡುವುದು ಹಳಬರ ರೂಢಿ, ಒಳ್ಳೆಯ ರೂಢಿ. ವಾಲ್ವ್ ಸೆಟ್ಟಾದರೆ ಒಳಗೆ ನೂರಾರು ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಅದನ್ನು ರೆಸಿಸ್ಟರ್ ಮೂಲಕ ಇಳಿಸಿಯೇ ಕೈ ಹಾಕಬೇಕು.

*ಉಪಕರಣ.* ಕಾಯಿಲೊಳಗಿನ ಸ್ಲಗ್ ತಿರುಗಿಸಲು ಪ್ಲಾಸ್ಟಿಕ್ ಅಥವಾ ಸೆರಾಮಿಕ್ ಅಲೈನ್‌ಮೆಂಟ್ ಟೂಲ್ ಬೇಕು. ಕಬ್ಬಿಣದ ಸ್ಕ್ರೂಡ್ರೈವರ್ ಕಾಯಿಲ್ ಹತ್ತಿರ ಹೋದರೇ ಇಂಡಕ್ಟನ್ಸ್ ಬದಲಾಗುತ್ತದೆ. ತೆಗೆದ ಕೂಡಲೇ ಟ್ಯೂನಿಂಗ್ ಜಾರುತ್ತದೆ. ಮೊಂಡು ಬ್ಲೇಡ್ ಹಾಕಿ ಬಲ ಕೊಟ್ಟರೆ ಫೆರೈಟ್ ಸ್ಲಗ್ ಸೀಳುತ್ತದೆ, ಆಮೇಲೆ ಆ ಕಾಯಿಲನ್ನೇ ಬದಲಾಯಿಸಬೇಕು. ಟ್ಯೂನಿಂಗ್ ವ್ಯಾಂಡ್ ಎಂಬ ಕಡ್ಡಿಯ ಬಗ್ಗೆ ಒಂದು ಚೆಂದದ ಪ್ರಶ್ನೆ ಕೇಳಬಹುದು. ಅದರ ಒಂದು ತುದಿಯಲ್ಲಿ ಫೆರೈಟ್, ಇನ್ನೊಂದರಲ್ಲಿ ಹಿತ್ತಾಳೆ. ಫೆರೈಟ್ ತುದಿ ಕಾಯಿಲೊಳಗೆ ಹೋದರೆ ಇಂಡಕ್ಟನ್ಸ್ ಹೆಚ್ಚುತ್ತದೆ, ಹಿತ್ತಾಳೆ ಹೋದರೆ ಕಡಿಮೆಯಾಗುತ್ತದೆ. ಎರಡು ತುದಿಯಲ್ಲೂ ಔಟ್‌ಪುಟ್ ಇಳಿದರೆ ಕಾಯಿಲ್ ಸರಿಯಾಗಿ ಟ್ಯೂನ್ ಆಗಿದೆ. ಯಾವುದಾದರೂ ಒಂದರಲ್ಲಿ ಏರಿದರೆ ಆ ದಿಕ್ಕಿಗೆ ತಿರುಗಿಸಬೇಕು.

*ಎಜಿಸಿ ಮೋಸ.* ಜನರೇಟರಿನಿಂದ ಬಲವಾದ ಸಿಗ್ನಲ್ ಕೊಟ್ಟು ಔಟ್‌ಪುಟ್ ಗರಿಷ್ಠ ಮಾಡಲು ಹೊರಟರೆ, ನೀವು ಗೇನ್ ಏರಿಸಿದಷ್ಟೂ ಎಜಿಸಿ ಇಳಿಸುತ್ತದೆ. ಶಿಖರ ಚಪ್ಪಟೆಯಾಗಿ ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯುವುದಿಲ್ಲ. ಆದ್ದರಿಂದ ಅಳೆಯಲು ಸಾಕಾಗುವಷ್ಟು ಕಡಿಮೆ ಸಿಗ್ನಲ್ ಕೊಡಬೇಕು. ಟ್ಯೂನ್ ಸುಧಾರಿಸಿದಂತೆಲ್ಲ ಜನರೇಟರನ್ನು ಇನ್ನಷ್ಟು ಇಳಿಸುತ್ತಾ ಹೋಗಬೇಕು. ಕೈಪಿಡಿ ಹೇಳಿದರೆ ಎಜಿಸಿ ಲೈನಿಗೆ ಸ್ಥಿರ ವೋಲ್ಟೇಜ್ ಕೊಟ್ಟು ಕಟ್ಟಿಹಾಕಬೇಕು.

ಐಎಫ್ ಮತ್ತು ಇಮೇಜ್: ಒಂದು ಪೂರ್ಣ ಉದಾಹರಣೆ

ಸಾಮಾನ್ಯ ಐಎಫ್‌ಗಳು 455 ಕಿಲೊಹರ್ಟ್ಸ್, 10.7 ಮೆಗಾಹರ್ಟ್ಸ್, 21.4 ಮೆಗಾಹರ್ಟ್ಸ್. ಪಾಕೆಟ್ ಟ್ರಾನ್ಸಿಸ್ಟರ್ ರೇಡಿಯೊ ಬಿಚ್ಚಿದವರಿಗೆ ಬಣ್ಣದ ತಲೆಯ ಕಾಯಿಲ್‌ಗಳು ನೆನಪಿರುತ್ತವೆ: ಕೆಂಪು ಆಸಿಲೇಟರ್ ಕಾಯಿಲ್, ಹಳದಿ ಮೊದಲ ಐಎಫ್, ಬಿಳಿ ಎರಡನೆಯದು, ಕಪ್ಪು ಮೂರನೆಯದು.

ನಮ್ಮ ಉದಾಹರಣೆಗೆ 27 ಮೆಗಾಹರ್ಟ್ಸ್ ಸಿಬಿ ಸೆಟ್ಟನ್ನು ತೆಗೆದುಕೊಳ್ಳೋಣ. ಭಾರತದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್ ಪಟ್ಟಿಯಲ್ಲಿ 5 ವ್ಯಾಟ್ ಮಿತಿಯ ಕಡಿಮೆ ಪವರ್ ಸೆಟ್ಟುಗಳಿಗೆ ಪರವಾನಗಿ ವಿನಾಯಿತಿ ಇದೆ. ಚಾನೆಲ್ 19 ಎಂದರೆ 27.185 ಮೆಗಾಹರ್ಟ್ಸ್. ಡಬಲ್ ಕನ್ವರ್ಷನ್ ಸೆಟ್ಟಿನಲ್ಲಿ ಮೊದಲ ಐಎಫ್ 10.695 ಮೆಗಾಹರ್ಟ್ಸ್. ಲೋಕಲ್ ಆಸಿಲೇಟರ್ ಸಿಗ್ನಲ್ಲಿಗಿಂತ ಕೆಳಗಿದ್ದರೆ ಅದು 27.185ರಿಂದ 10.695 ಕಳೆದು 16.490 ಮೆಗಾಹರ್ಟ್ಸ್. ಎರಡನೇ ಮಿಕ್ಸರ್‌ಗೆ 10.240 ಮೆಗಾಹರ್ಟ್ಸ್ ಕೊಡುತ್ತಾರೆ. 10.695ರಿಂದ 10.240 ಕಳೆದರೆ 0.455, ಅಂದರೆ 455 ಕಿಲೊಹರ್ಟ್ಸ್ ಎರಡನೇ ಐಎಫ್.

ಇಮೇಜ್, ಅಂದರೆ ಮಿಕ್ಸರ್‌ನಲ್ಲಿ ಅದೇ ಐಎಫ್ ಕೊಡುವ ಬೇಡದ ಫ್ರೀಕ್ವೆನ್ಸಿ, ಯಾವಾಗಲೂ ಸಿಗ್ನಲ್ಲಿನಿಂದ ಐಎಫ್‌ನ ಎರಡು ಪಟ್ಟು ದೂರದಲ್ಲಿ, ಆಸಿಲೇಟರ್ ಇರುವ ಕಡೆಗೆ. ಇಲ್ಲಿ 27.185ರಿಂದ 21.390 ಕಳೆದು 5.795 ಮೆಗಾಹರ್ಟ್ಸ್. ಅಷ್ಟು ದೂರದ ಇಮೇಜನ್ನು ಆರ್‌ಎಫ್ ಕಾಯಿಲ್‌ಗಳು ಸುಲಭವಾಗಿ ತಡೆಯುತ್ತವೆ. ಇದೇ ಕೆಲಸವನ್ನು 455 ಕಿಲೊಹರ್ಟ್ಸ್ ಸಿಂಗಲ್ ಕನ್ವರ್ಷನ್‌ನಲ್ಲಿ ಮಾಡಿದರೆ ಏನಾಗುತ್ತದೆ? ಈ ಸಲ ಬೇರೆ ಸಿಗ್ನಲ್ ತೆಗೆದುಕೊಳ್ಳೋಣ: ಸಿಗ್ನಲ್ 7.100, ಆಸಿಲೇಟರ್ ಮೇಲಿದ್ದು 7.555, ಇಮೇಜ್ 8.010 ಮೆಗಾಹರ್ಟ್ಸ್. ಪಕ್ಕದಲ್ಲೇ ಕೂತ ಹಾಗೆ. ಮೊದಲ ಐಎಫ್ ಎತ್ತರದಲ್ಲಿದ್ದರೆ ಇಮೇಜ್ ದೂರವಾಗುತ್ತದೆ, ಕೊನೆಯ ಐಎಫ್ ತಗ್ಗಿನಲ್ಲಿದ್ದರೆ ಸೆಲೆಕ್ಟಿವಿಟಿ ಸುಲಭವಾಗುತ್ತದೆ. ಡಬಲ್ ಕನ್ವರ್ಷನ್ ಏಕೆ ಎಂಬುದಕ್ಕೆ ಈ ಒಂದು ವಾಕ್ಯದ ಉತ್ತರ ಸಾಕು.

ಇಮೇಜ್ ತಡೆಯುವುದು ಆರ್‌ಎಫ್ ಹಂತ, ಪಕ್ಕದ ಚಾನೆಲ್ ತಡೆಯುವುದು ಐಎಫ್ ಫಿಲ್ಟರ್. ಇವೆರಡನ್ನು ಅದಲುಬದಲು ಮಾಡಿ ಬರೆಯುವವರೇ ಹೆಚ್ಚು.

ಟ್ರ್ಯಾಕಿಂಗ್

ಆರ್‌ಎಫ್ ಹಂತವೂ ಆಸಿಲೇಟರೂ ಜೊತೆಜೊತೆಗೆ ಸಾಗುವಂತೆ ಮಾಡುವ ಈ ಹೊಂದಾಣಿಕೆ ಗ್ಯಾಂಗ್ ಕಂಡೆನ್ಸರ್ ಇರುವ ಸೆಟ್ಟುಗಳಿಗೆ ಮಾತ್ರ. ಪಟ್ಟಿಯ ಕೆಳ ತುದಿಯಲ್ಲಿ ಕಾಯಿಲ್ ಅಥವಾ ಪ್ಯಾಡರ್, ಮೇಲಿನ ತುದಿಯಲ್ಲಿ ಟ್ರಿಮ್ಮರ್. ಒಂದನ್ನು ಮುಟ್ಟಿದರೆ ಇನ್ನೊಂದು ಸ್ವಲ್ಪ ಕದಲುವುದರಿಂದ ಎರಡನ್ನೂ ಮತ್ತೆ ಮತ್ತೆ ಮಾಡಿ, ಬದಲಾವಣೆ ನಿಂತಾಗ ಬಿಡಬೇಕು.

ಎಸ್‌ಎಸ್‌ಬಿ, ಎಫ್‌ಎಂ

ಎಸ್‌ಎಸ್‌ಬಿ ಸೆಟ್ಟಿನಲ್ಲಿ ಕ್ಯಾರಿಯರ್ ಆಸಿಲೇಟರನ್ನು ಕ್ರಿಸ್ಟಲ್ ಫಿಲ್ಟರಿನ ಮಧ್ಯಕ್ಕೆ ಇಡುವುದಿಲ್ಲ, ಅದರ ಇಳಿಜಾರಿನ ಮೇಲೆ ಇಡುತ್ತಾರೆ. 9 ಮೆಗಾಹರ್ಟ್ಸ್ ಫಿಲ್ಟರ್‌ಗೆ ರೂಢಿಯ ಜೋಡಿ 8.9985 ಮತ್ತು 9.0015 ಮೆಗಾಹರ್ಟ್ಸ್. ಫಿಲ್ಟರಿನ ಒಳಕ್ಕೆ ತೀರ ಸರಿದರೆ ದನಿ ಗಡಸಾಗಿ ಬೇಡದ ಸೈಡ್‌ಬ್ಯಾಂಡ್ ನುಸುಳುತ್ತದೆ. ತೀರ ಹೊರಕ್ಕೆ ಹೋದರೆ ದನಿ ಕೀಚಲಾಗುತ್ತದೆ.

ಎಫ್‌ಎಂನಲ್ಲಿ ಕ್ವಾಡ್ರೇಚರ್ ಕಾಯಿಲನ್ನು ಆಡಿಯೊ ಗರಿಷ್ಠವಾಗಿ, ವಿಕೃತಿ ಕನಿಷ್ಠವಾಗುವಂತೆ ಹೊಂದಿಸಬೇಕು. ಡಿಸ್ಕ್ರಿಮಿನೇಟರ್ ಇದ್ದರೆ ಮಧ್ಯದ ಫ್ರೀಕ್ವೆನ್ಸಿಯಲ್ಲಿ ಡಿಸಿ ಔಟ್‌ಪುಟ್ ಸೊನ್ನೆ ಇರಬೇಕು. ಸೆನ್ಸಿಟಿವಿಟಿಯ ಅಳತೆ 12 ಡಿಬಿ ಸಿನಾಡ್ (ನಾಯ್ಸ್ ಜೊತೆಗೆ ವಿಕೃತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸಿಗ್ನಲ್ ಅನುಪಾತ): 1 ಕಿಲೊಹರ್ಟ್ಸ್ ಸ್ವರ, 5 ಕಿಲೊಹರ್ಟ್ಸ್ ಗರಿಷ್ಠ ಡೀವಿಯೇಷನ್‌ನ ಸೆಟ್ಟಿಗೆ 3 ಕಿಲೊಹರ್ಟ್ಸ್ ಡೀವಿಯೇಷನ್. ಮೀಟರಿನ ಮುಳ್ಳು ನೋಡಿಕೊಂಡು ಎಫ್‌ಎಂ ಸೆಟ್ಟಿನ ಮುಂಭಾಗ ಟ್ಯೂನ್ ಮಾಡುವುದಕ್ಕಿಂತ ಸಿನಾಡ್ ನೋಡಿಕೊಂಡು ಮಾಡುವುದು ಎಷ್ಟೋ ಮೇಲು. ಗರಿಷ್ಠ ಗೇನ್ ಸಿಗುವ ಬಿಂದುವೂ ಕನಿಷ್ಠ ನಾಯ್ಸ್ ಸಿಗುವ ಬಿಂದುವೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಎಎಂಗೆ ಸಾಮಾನ್ಯ ಅಳತೆ 30 ಶೇಕಡಾ ಮಾಡ್ಯುಲೇಷನ್‌ನಲ್ಲಿ 10 ಡಿಬಿ ಸಿಗ್ನಲ್-ನಾಯ್ಸ್ ಅನುಪಾತ.

ಈಗ ಮೀಟರ್

ಪ್ರೀಆಂಪ್, ಅಟೆನ್ಯುಯೇಟರ್, ನಾಯ್ಸ್ ಬ್ಲಾಂಕರ್ ಎಲ್ಲ ಆಫ್. ಆರ್‌ಎಫ್ ಗೇನ್ ಪೂರ್ತಿ ತೆರೆದಿರಲಿ. ಹಲವು ಸೆಟ್ಟುಗಳಲ್ಲಿ ಅದನ್ನು ಇಳಿಸಿದರೆ ಸಿಗ್ನಲ್ ಇಲ್ಲದೆಯೂ ಮುಳ್ಳು ಮೇಲೇರುತ್ತದೆ, ಏಕೆಂದರೆ ಅದೂ ಎಜಿಸಿ ಲೈನಿನ ಮೇಲೇ ಕೆಲಸ ಮಾಡುತ್ತದೆ.

ಸೆಟ್ ಆಫ್ ಇದ್ದಾಗಲೇ ಮುಳ್ಳು ಸೊನ್ನೆಯಲ್ಲಿ ಇಲ್ಲದಿದ್ದರೆ ಮೀಟರಿನ ಮುಖದ ಮೇಲಿನ ಯಾಂತ್ರಿಕ ಸ್ಕ್ರೂವಿನಿಂದ ತರಬೇಕು. ನಂತರ ಸೆಟ್ ಆನ್ ಮಾಡಿ, ಆಂಟೆನಾ ಬದಲು 50 ಓಮ್ ಲೋಡ್ ಹಾಕಿ, ಸೊನ್ನೆಯ ಪ್ರೀಸೆಟ್. ಆಂಟೆನಾ ಇಟ್ಟುಕೊಂಡೇ ಸೊನ್ನೆ ಮಾಡಿದರೆ ಬ್ಯಾಂಡಿನ ನಾಯ್ಸ್ ಕೂಡ ಸೊನ್ನೆಯೊಳಗೆ ಸೇರಿಹೋಗುತ್ತದೆ. ಬಳಿಕ ಜನರೇಟರಿನಿಂದ ಮೈನಸ್ 73 ಡಿಬಿಎಂ ಕೊಟ್ಟು, ಸಿಗ್ನಲ್ಲನ್ನು ಫಿಲ್ಟರಿನ ನಡುವೆ ಟ್ಯೂನ್ ಮಾಡಿ, ಎಸ್-9 ಪ್ರೀಸೆಟ್. ಎರಡೂ ಪ್ರೀಸೆಟ್‌ಗಳು ಒಂದನ್ನೊಂದು ಎಳೆಯುತ್ತವೆ, ಹಾಗಾಗಿ ಮತ್ತೆ ಸೊನ್ನೆ, ಮತ್ತೆ ಎಸ್-9. ಕೆಲವು ಸೆಟ್ಟುಗಳಿಗೆ ಪೂರ್ಣ ಸ್ಕೇಲಿನ ಮೂರನೇ ಪ್ರೀಸೆಟ್ ಇರುತ್ತದೆ. ಹೊಸ ಸೆಟ್ಟುಗಳಲ್ಲಿ ಪ್ರೀಸೆಟ್ಟೇ ಇಲ್ಲ, ಸರ್ವಿಸ್ ಮೆನುವಿನಲ್ಲಿ ಅಂಕಿ ಬರೆಯುವುದು ಅಷ್ಟೇ. ಮೆನುವಿಗೆ ಹೋಗುವ ಮುನ್ನ ಅಲ್ಲಿರುವ ಹಳೆಯ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ.

ಎಸ್-9 ಸರಿಯಾದ ಮೇಲೆ ಜನರೇಟರನ್ನು 6 ಡಿಬಿಯಂತೆ ಇಳಿಸುತ್ತಾ ಪ್ರತಿ ಯೂನಿಟ್‌ಗೆ ಮುಳ್ಳು ಎಲ್ಲಿ ನಿಂತಿತು ಎಂದು ಗುರುತು ಹಾಕಿಕೊಳ್ಳಿ. ಬಹುತೇಕ ಸೆಟ್ಟುಗಳಲ್ಲಿ ಒಂದೊಂದು ಯೂನಿಟ್‌ಗೂ ಬೇರೆ ಬೇರೆ ಡಿಬಿ ಸಿಗುತ್ತದೆ. ಸರ್ಕ್ಯೂಟ್ ಬದಲಿಸದೆ ಅದನ್ನು ಸರಿಪಡಿಸಲಾಗದು. ಆ ಗುರುತಿನ ಪಟ್ಟಿಯೇ ನಿಮ್ಮ ಮೀಟರಿನ ನಿಜವಾದ ಸ್ಕೇಲ್.

ಲೆಕ್ಕದ ಪ್ರಶ್ನೆಗಳು

- 100 ವ್ಯಾಟ್‌ನಿಂದ 25 ವ್ಯಾಟ್‌ಗೆ ಇಳಿಸಿದರೆ ದೂರದ ಮೀಟರಿನಲ್ಲಿ ಎಷ್ಟು ಇಳಿಕೆ? ಕಾಲು ಭಾಗ, 6 ಡಿಬಿ, ಒಂದು ಎಸ್ ಯೂನಿಟ್.
- 5 ವ್ಯಾಟ್‌ನಿಂದ 100 ವ್ಯಾಟ್‌ಗೆ? 20 ಪಟ್ಟು, 13 ಡಿಬಿ, ಎರಡು ಯೂನಿಟ್‌ಗಿಂತ ತುಸು ಹೆಚ್ಚು. ಕಡಿಮೆ ಪವರಿನ ಹ್ಯಾಮ್‌ಗಳ ಧೈರ್ಯ ಇದರಲ್ಲಿದೆ.
- ಎಚ್‌ಎಫ್‌ನಲ್ಲಿ ಎಸ್-9 ಮೇಲೆ 20 ಡಿಬಿ ಇದ್ದ ಸಿಗ್ನಲ್‌ಗೆ 20 ಡಿಬಿ ಅಟೆನ್ಯುಯೇಟರ್ ಹಾಕಿದರೆ? ಎಸ್-9. ಎಸ್-9ಕ್ಕೆ ಅದೇ ಅಟೆನ್ಯುಯೇಟರ್ ಹಾಕಿದರೆ ಮೂರು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಇಳಿದು ಎಸ್-6ರ ಕೆಳಗೆ.
- ಜನರೇಟರ್ ಇಎಂಎಫ್‌ನಲ್ಲಿ 50 ಮೈಕ್ರೊವೋಲ್ಟ್ ತೋರಿಸುತ್ತಿದೆ, ಎಲ್ಲವೂ 50 ಓಮ್. ಸರಿಯಾದ ಎಚ್‌ಎಫ್ ಮೀಟರ್ ಏನು ಓದಬೇಕು? 25 ಮೈಕ್ರೊವೋಲ್ಟ್, ಮೈನಸ್ 79 ಡಿಬಿಎಂ, ಎಸ್-8.
- ಸಿಗ್ನಲ್ 14.200, ಐಎಫ್ 9 ಮೆಗಾಹರ್ಟ್ಸ್, ಆಸಿಲೇಟರ್ ಕೆಳಗೆ. ಆಸಿಲೇಟರ್ 5.200. ಇಮೇಜ್ ಲೆಕ್ಕ 14.200ರಿಂದ 18 ಕಳೆದಾಗ ಮೈನಸ್ 3.800 ಬರುತ್ತದೆ. ಚಿಹ್ನೆ ಬಿಟ್ಟು 3.800 ಮೆಗಾಹರ್ಟ್ಸ್ ಎಂದು ಬರೆಯಿರಿ, 5.200ಕ್ಕೆ 3.800 ಕೂಡಿದರೆ 9 ಆಗುವುದರಿಂದ ಉತ್ತರ ಸರಿ.

ಹೊಂದಾಣಿಕೆಯ ಕ್ರಮದ ಬಗ್ಗೆ ಕೊನೆಯದೊಂದು ಮಾತು: ಸ್ಕ್ವೆಲ್ಚ್ ಪ್ರೀಸೆಟ್ ಇದ್ದರೆ ಅದನ್ನು ಮೀಟರಿಗಿಂತಲೂ ಕೊನೆಗೆ ಹೊಂದಿಸಿ. ಗೇನ್ ಬದಲಾದ ಪ್ರತಿ ಸಲವೂ ಅದು ತೆರೆಯುವ ಮಟ್ಟ ಬದಲಾಗುತ್ತದೆ.